ಅಜ್ಜನ ವಾಲ್‌ಟ್ಯೂಬು, ಮೊಮ್ಮಗಳ ಡ್ರೈಸೂಟು

ಬ್ಯಾಡಗಿಯ ಬ್ಯಾಂಕಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಸೈಕಲ್ಲೇ ಗತಿ. ಬಹಳ ದಿನ ಬಾಳಲೆಂದು ಒಮ್ಮೆ ವಾಲ್‌ಟ್ಯೂಬಿಗೆ ಮಷಿನ್ ಎಣ್ಣೆ ಹಚ್ಚಿದೆ. ರಬ್ಬರು ಉಬ್ಬಿ ಮೆತ್ತಗಾಯಿತು. ಗಾಳಿ ಹೋಗಿ, ಮೆಣಸಿನಕಾಯಿ ಪೇಟೆಯಲ್ಲಿ ಸೀನುತ್ತ ಸೈಕಲ್ ತಳ್ಳಿದೆ.

ಈ ಪಾಠ ಮರೆತೇಹೋಗಿತ್ತು. ನಾರ್ವೆಯಲ್ಲಿ ಓದುವ ಮೊಮ್ಮಗಳು ಮೊನ್ನೆ ರಾಣೆಬೆನ್ನೂರಿನ ನಮ್ಮ ಮನೆಗೆ ವಿಡಿಯೋ ಕರೆ ಮಾಡಿ, ಕಡಲಲ್ಲಿ ಮುಳುಗುವಾಗ ತೊಡುವ ಡ್ರೈಸೂಟ್ ತೋರಿಸಿದಳು. ಕತ್ತು, ಮಣಿಕಟ್ಟಿಗೆ ಬಿಗಿಯಾಗಿ ಕೂಡುವ ತೆಳು ಲೇಟೆಕ್ಸ್ ಪಟ್ಟಿಯೇ ನೀರನ್ನು ತಡೆಯುವುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆದುಕೊಳ್ಳುತ್ತದೆ. ಹಿಮದಂಥ ಕಡಲಲ್ಲಿ ಪಟ್ಟಿ ಹರಿದರೆ ಜೀವಕ್ಕೇ ಅಪಾಯ.

"ಒಣಗೈತಿ ನೋಡು, ಕೊಬ್ಬರಿ ಎಣ್ಣಿ ಹಚ್ಚವಾ" ಎಂದೆ.

"ಬ್ಯಾಡ ಅಜ್ಜಾ! ಎಣ್ಣಿ, ವ್ಯಾಸಲೀನು ಹಚ್ಚಿದರ ಲೇಟೆಕ್ಸ್ ಕೆಡತೈತಿ."

ವಾಲ್‌ಟ್ಯೂಬು ನೆನಪಾಗಿ ತೆಪ್ಪಗಾದೆ.

ಉಪ್ಪು ಹೋಗುವಂತೆ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ, ಸುವಾಸನೆಯಿಲ್ಲದ ಟಾಲ್ಕ್ ಪುಡಿ ಉದುರಿಸಬೇಕಂತೆ. ಆಗ ಪಟ್ಟಿ ಅಂಟಿಕೊಳ್ಳುವುದಿಲ್ಲ, ತೊಡುವಾಗ ಜಾರುತ್ತದೆ. ಮಕ್ಕಳೇ, ಹಾವೇರಿಯ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿಗೆ ಬಳಿಯುವ ಬಿಳಿ ಪುಡಿ ನೋಡಿದ್ದೀರಲ್ಲ, ಅದೂ ಇದೇ ಜಾತಿ! ಉದ್ದ ಉಗುರಿಗೂ ಪಟ್ಟಿ ಹರಿಯುತ್ತದಂತೆ.

"ಉಗುರು ಕತ್ತರಿಸೀಯೇನವಾ?" ಎಂದೆ.

ನಗುತ್ತ ಎರಡೂ ಕೈ ಎತ್ತಿ ತೋರಿಸಿದಳು.