ಸಾರುವೆಯಿಂದ ಬಿದ್ದವನ ಹೊಣೆ ಯಾರದು?

ಅಪಾರ್ಟ್‌ಮೆಂಟ್ ಕಟ್ಟುವಾಗ ಗಾರೆ ಕೆಲಸದವನೊಬ್ಬ ಸಾರುವೆಯಿಂದ ಬಿದ್ದ ಎನ್ನಿ. ‘ಕೆಲಸ ಗುತ್ತಿಗೆ ಕೊಟ್ಟಾಗಿದೆ, ಮೇಸ್ತ್ರಿಯನ್ನು ಕೇಳಿ’ ಎನ್ನುತ್ತಾನೆ ಬಿಲ್ಡರ್. ‘ಅವನು ನಿನ್ನೆ ಬಂದವನು, ನನ್ನ ಆಳಲ್ಲ’ ಎನ್ನುತ್ತಾನೆ ಮೇಸ್ತ್ರಿ. ಹೀಗೆ ನುಣುಚಿಕೊಳ್ಳದಂತೆ ಕಾನೂನು ಬಂದು ನೂರು ವರ್ಷವಾಯಿತು.

ಮೊದಲು ಹೊಣೆಯೆಲ್ಲ ಬಿದ್ದವನದೇ. 1837ರಲ್ಲಿ ಇಂಗ್ಲೆಂಡಿನ ಮಾಂಸದ ವ್ಯಾಪಾರಿಯೊಬ್ಬನ ಆಳು, ಹೇರು ಹೆಚ್ಚಾಗಿ ಮುರಿದ ಗಾಡಿಯಿಂದ ಗಾಯಗೊಂಡು ಧಣಿಯ ಮೇಲೆ ದಾವೆ ಹೂಡಿ ಸೋತ. ಅಪಾಯವೆನಿಸಿದ್ದರೆ ಅವನು ಆ ಕೆಲಸಕ್ಕೆ ಒಲ್ಲೆ ಎನ್ನಬಹುದಿತ್ತು ಎಂದಿತು ನ್ಯಾಯಾಲಯ. ಅಂದಿನ ಕೂಲಿಯಿಂದ ಅಂದೇ ಒಲೆ ಹೊತ್ತಿಸುವವನು ಒಲ್ಲೆ ಎನ್ನುವುದು ಹೇಗೆ? 1897ರಲ್ಲಿ ಅಲ್ಲಿನ ಸಂಸತ್ತು ದಾರಿ ಬದಲಿಸಿತು: ಧಣಿಯ ತಪ್ಪು ಸಾಬೀತಾಗದಿದ್ದರೂ ಪರಿಹಾರ ಕೊಡಲೇಬೇಕು. ಸಾರುವೆ ಕಟ್ಟಿ ಮಾಡುವ ಕೆಲಸವೂ ಅದರಲ್ಲಿ ಸೇರಿತು, ಆದರೆ ಕಟ್ಟಡ 30 ಅಡಿಗಿಂತ ಎತ್ತರವಿದ್ದರೆ ಮಾತ್ರ.

ಭಾರತಕ್ಕೆ ಈ ತತ್ವ ಬಂದದ್ದು 1923ರ ಕಾಯ್ದೆಯಿಂದ. ಜಾರಿಯಾದದ್ದು 1924ರ ಜುಲೈ 1ರಂದು. ಅದರ 12ನೇ ಸೆಕ್ಷನ್ ನನ್ನ ಮಟ್ಟಿಗೆ ಇಡೀ ಕಾಯ್ದೆಯ ಜೀವ. ಗುತ್ತಿಗೆದಾರನ ಆಳು ಗಾಯಗೊಂಡರೂ ಕೆಲಸ ಕೊಟ್ಟ ಮೂಲ ಮಾಲೀಕನೇ ಪರಿಹಾರ ತೆರಬೇಕು, ಆಮೇಲೆ ಬೇಕಿದ್ದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಆದರೆ ಇದು ವ್ಯಾಪಾರಕ್ಕಾಗಿ ಕಟ್ಟಿಸುವವರಿಗಷ್ಟೇ ಅನ್ವಯ. ವಾಸಕ್ಕೆಂದು ಸ್ವಂತ ಮನೆ ಕಟ್ಟಿಸುವ ಕಡೆ ಬಿದ್ದವನಿಗೆ ಈ ಆಸರೆ ಸಿಗಲಿಲ್ಲ.

ಸತ್ತವನ ಕುಟುಂಬಕ್ಕೆ ಕೊಡುವ ಹಣಕ್ಕೂ ಸೂತ್ರವಿದೆ: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸುವುದು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 2020ರ ಜನವರಿಯಲ್ಲಿ 8,000 ರೂಪಾಯಿಯಿಂದ 15,000ಕ್ಕೆ ಏರಿತು. 30ರ ವಯಸ್ಸಿನ ಗುಣಕ 207.98. ಅಂದರೆ 7,500ರಂತೆ 15,59,850 ರೂಪಾಯಿ. ಅವನು ಅದಕ್ಕಿಂತ ಎಷ್ಟೇ ಹೆಚ್ಚು ದುಡಿಯುತ್ತಿದ್ದರೂ ಅಷ್ಟೇ. ಇದು ಅನ್ಯಾಯ.

1996ರಲ್ಲಿ ಕಟ್ಟಡ ಕಾರ್ಮಿಕರಿಗೇ ಬೇರೆ ಕಾಯ್ದೆ, ಅದರ ಜೊತೆ ಸೆಸ್ ಬಂದವು. ಕರ್ನಾಟಕದಲ್ಲಿ ಕಲ್ಯಾಣ ಮಂಡಳಿಯೂ ಆಯಿತು. 2025ರ ನವೆಂಬರ್ 21ರಿಂದ ಹಳೆಯ ಪರಿಹಾರ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.

ಕಾನೂನಿಗೆ ಕೊರತೆಯಿಲ್ಲ, ಪುರಾವೆಗೆ ಕೊರತೆ. ಹಾಜರಿ ಪುಸ್ತಕದಲ್ಲಿ ಹೆಸರಿರುವುದಿಲ್ಲ, ಶನಿವಾರದ ಬಟವಾಡೆಗೆ ರಸೀದಿ ಇರುವುದಿಲ್ಲ. ಅರ್ಜಿ ಹಾಕಲು ಎರಡು ವರ್ಷದ ಗಡುವಿದೆ. ಅಷ್ಟರಲ್ಲಿ ಕಟ್ಟಡ ಮುಗಿದು, ಮೇಸ್ತ್ರಿ ಮತ್ತೊಂದು ಕೆಲಸ ಹಿಡಿದು, ಬಿದ್ದದ್ದನ್ನು ಕಣ್ಣಾರೆ ಕಂಡ ಜೊತೆಗಾರರು ರಾಯಚೂರಿಗೋ ಯಾದಗಿರಿಗೋ ಮರಳಿರುತ್ತಾರೆ.