ಕುಟುಂಬ ಚಿಕಿತ್ಸಕರು ರೂಪುಗೊಳ್ಳುವ ಬಗೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಂಥ ಊರುಗಳಲ್ಲಿ ಗಂಡ ಹೆಂಡಿರ ನಡುವೆ ಮನಸ್ತಾಪ ಬೆಳೆದಾಗ ಎರಡೂ ಕಡೆಯ ಹಿರಿಯರು ಕೂಡಿ, ತಪ್ಪು ಒಪ್ಪುಗಳನ್ನು ತೂಗಿ, ಬುದ್ಧಿ ಹೇಳಿ ಸಂಸಾರವನ್ನು ಸರಿಪಡಿಸಲು ಯತ್ನಿಸುವುದು ರೂಢಿ. ಕುಟುಂಬ ಚಿಕಿತ್ಸಕರ ಕೆಲಸ ಇದಕ್ಕಿಂತ ಭಿನ್ನವಾದುದು. ಅವರು ಯಾರ ಪರವಾಗಿಯೂ ತೀರ್ಪು ನೀಡದೆ, ಒಂದೇ ಜಗಳ ಮತ್ತೆ ಮತ್ತೆ ಹುಟ್ಟುವುದಕ್ಕೆ ಮನೆಯ ಸಂಬಂಧಗಳಲ್ಲಿರುವ ಕಾರಣಗಳನ್ನು ಮನೆಯವರೇ ಕಂಡುಕೊಳ್ಳುವಂತೆ ನೆರವಾಗುತ್ತಾರೆ. ಈ ಸಾಮರ್ಥ್ಯ ಅನುಭವದಿಂದ ಮಾತ್ರ ಬರುವಂಥದ್ದಲ್ಲವಾದ್ದರಿಂದ ಅದಕ್ಕೆ ಸ್ನಾತಕೋತ್ತರ ಮಟ್ಟದ ದೀರ್ಘ ತರಬೇತಿ ಬೇಕಾಗುತ್ತದೆ.

ಅಮೆರಿಕದಲ್ಲಿ ಇದು ಪ್ರತ್ಯೇಕ ವೃತ್ತಿ. ಅಲ್ಲಿನ ವಿವಾಹ ಚಿಕಿತ್ಸಕರ ಸಂಘ 1942ರಲ್ಲಿ ಹುಟ್ಟಿತು. ಕ್ಯಾಲಿಫೋರ್ನಿಯಾ ರಾಜ್ಯ 1963ರಲ್ಲಿ ಪರವಾನಗಿ ಕಾನೂನು ತಂದಿತು. ಇಂದು ಆ ರಾಜ್ಯದಲ್ಲಿ ಪರವಾನಗಿ ಪಡೆಯಲು ಸ್ನಾತಕೋತ್ತರ ಪದವಿಯ ಜೊತೆಗೆ ಹಿರಿಯ ಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ 3,000 ಗಂಟೆಗಳ ಕೆಲಸ ಮಾಡಿರಬೇಕು. ಭಾರತದಲ್ಲಿ ಇಂಥ ಪ್ರತ್ಯೇಕ ಪರವಾನಗಿ ಇಲ್ಲ. ಕುಟುಂಬ ಚಿಕಿತ್ಸೆಯನ್ನು ಮನೋವೈದ್ಯಕೀಯ ಸಮಾಜಕಾರ್ಯ ಹಾಗೂ ಚಿಕಿತ್ಸಾ ಮನೋವಿಜ್ಞಾನದ ಶಿಕ್ಷಣದ ಭಾಗವಾಗಿ ಕಲಿಸಲಾಗುತ್ತದೆ.

ಆದರೂ ಕುಟುಂಬವನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವುದರಲ್ಲಿ ಭಾರತಕ್ಕೆ ತನ್ನದೇ ಪರಂಪರೆ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ, ಆರೈಕೆಯಲ್ಲಿ ಅವರನ್ನು ಪಾಲುದಾರರನ್ನಾಗಿಸಿದರು. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯಕ್ಕೆಂದೇ ಒಂದು ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಹತ್ತಿರವಾದ ಸಂಸ್ಥೆ, 1845ರಷ್ಟು ಹಿಂದೆ ಮಾನಸಿಕ ಆಸ್ಪತ್ರೆಯಾಗಿ ಆರಂಭವಾದ ಧಾರವಾಡದ ಡಿಮ್ಹಾನ್ಸ್. ಲಚ್ಯಾಣದ ವಿದ್ಯಾರ್ಥಿನಿಯೊಬ್ಬಳು ಈ ದಾರಿ ಹಿಡಿಯಬಯಸಿದರೆ, ಪದವಿಯ ನಂತರ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೋ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ಎಂ.ಎಸ್.ಡಬ್ಲ್ಯೂ. ಮುಗಿಸಿ, ಆ ಬಳಿಕ ಮಾನಸಿಕ ಆರೋಗ್ಯ ಸಂಸ್ಥೆಯೊಂದರಲ್ಲಿ ಎರಡು ವರ್ಷಗಳ ಪೂರ್ಣಾವಧಿ ತರಬೇತಿ ಪಡೆಯುವುದು ಇದುವರೆಗಿನ ಕ್ರಮ.

ತರಬೇತಿಯ ಮೊದಲ ಪಾಠಗಳಲ್ಲಿ ಕುಟುಂಬದ ನಕ್ಷೆ ಬರೆಯುವುದೂ ಒಂದು. ಜೀನೋಗ್ರಾಮ್ ಎಂದು ಕರೆಯಲಾಗುವ ಈ ನಕ್ಷೆಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು, ಕನಿಷ್ಠ ಮೂರು ತಲೆಮಾರುಗಳ ಮದುವೆ, ಸಾವು, ಕಾಯಿಲೆ, ಮುನಿಸು, ಒಲವುಗಳನ್ನು ಗೆರೆಗಳಿಂದ ಗುರುತಿಸಲಾಗುತ್ತದೆ. ರಕ್ತಸಂಬಂಧದೊಳಗಿನ ಮದುವೆಗೆ ಜೋಡಿಗೆರೆ ಎಳೆಯಲಾಗುತ್ತದೆ. ಸೋದರಮಾವನೊಂದಿಗೆ ಮದುವೆಯಾಗುವ ರೂಢಿಯಿರುವ ನಮ್ಮ ಸೀಮೆಯಲ್ಲಿ ಈ ಜೋಡಿಗೆರೆಗೆ ವಿಶೇಷ ಮಹತ್ವವಿದೆ. ಅಂಥ ಮನೆಯಲ್ಲಿ ಸೊಸೆಗೆ ಅತ್ತೆಯೇ ತಾಯಿಯ ತಾಯಿ, ಹೆತ್ತ ತಾಯಿಯೇ ಗಂಡನ ಅಕ್ಕ. ಆಕೆ ಗಂಡನ ಮೇಲೆ ದೂರು ಹೇಳಿದರೆ ಅದು ತಾಯಿಯ ತಮ್ಮನ ಮೇಲಿನ ದೂರಾಗುತ್ತದೆ. ತವರು ಬೇರೆ, ಗಂಡನ ಮನೆ ಬೇರೆ ಎಂಬ ಅಂತರವೇ ಇಲ್ಲದಿರುವಾಗ ಆಕೆ ಮೌನವನ್ನು ಆರಿಸಿಕೊಂಡರೆ ಆಶ್ಚರ್ಯವಿಲ್ಲ. ಪರದೇಶದ ಪಠ್ಯಪುಸ್ತಕ ಇದನ್ನು ವಿವರಿಸಲಾರದು. ದುಡಿಮೆಗಾಗಿ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಗುಳೆ ಹೋಗುವ ಕುಟುಂಬಗಳಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಕಳುಹಿಸಿದ ಹಣ ಯಾರ ಕೈ ಸೇರುತ್ತದೆ ಎಂಬುದೂ ತರಬೇತಿ ಪಡೆಯುವವರು ಕೇಳಲೇಬೇಕಾದ ಪ್ರಶ್ನೆಗಳು.

ಪ್ರಶ್ನೆ ಕೇಳುವುದಕ್ಕೂ ಶಾಸ್ತ್ರವಿದೆ. ಇಟಲಿಯ ಮಿಲಾನ್ ನಗರದ ಚಿಕಿತ್ಸಕರು ರೂಪಿಸಿದ ವರ್ತುಲ ಪ್ರಶ್ನೆಯ ವಿಧಾನದಲ್ಲಿ, ಇಬ್ಬರ ಸಂಬಂಧವನ್ನು ಕುರಿತು ಮೂರನೆಯವರನ್ನು ಕೇಳಲಾಗುತ್ತದೆ. “ಅವ್ವ, ಆಯಿ ಮಾತು ಬಿಟ್ಟಾಗ ಅಪ್ಪ ಏನ್ ಮಾಡ್ತಾನ?” ಎಂದು ಮಗುವನ್ನು ಕೇಳಿದಾಗ ದೊರೆಯುವ ಉತ್ತರ, ಯಾರದು ತಪ್ಪು ಎಂಬ ವಾದವನ್ನು ಬದಿಗಿರಿಸಿ, ಒಬ್ಬರ ನಡೆ ಮತ್ತೊಬ್ಬರ ನಡೆಯನ್ನು ಹೇಗೆ ಹುಟ್ಟಿಸುತ್ತದೆ ಎಂಬುದನ್ನು ಎಲ್ಲರಿಗೂ ಕಾಣಿಸುತ್ತದೆ. ಇಂಥ ಮಾತುಕತೆಯನ್ನು ಒಂದೇ ಬದಿಯಿಂದ ಕಾಣುವ ಕನ್ನಡಿಯ ಹಿಂದೆ ಕುಳಿತೋ, ಮನೆಯವರ ಒಪ್ಪಿಗೆಯಿಂದ ಮಾಡಿದ ಧ್ವನಿಮುದ್ರಣ ಕೇಳಿಯೋ ಗುರುಗಳು ತಿದ್ದುತ್ತಾರೆ. ಚಿಕಿತ್ಸಕರು ಅರಿವಿಲ್ಲದೆ ಯಾರ ಕಡೆ ವಾಲಿದರು, ಯಾರ ಮಾತನ್ನು ಅರ್ಧಕ್ಕೆ ತಡೆದರು ಎಂಬುದು ಇಲ್ಲಿ ಬಯಲಾಗುತ್ತದೆ.

ರಾಜಿಯೇ ಚಿಕಿತ್ಸೆಯ ಗುರಿ ಎಂದು ಭಾವಿಸುವುದು ತಪ್ಪು. ಹೊಡೆತ ಬಡಿತಗಳಿರುವ ಮನೆಯಲ್ಲಿ ದಂಪತಿಯನ್ನು ಜೊತೆಗೆ ಕೂರಿಸಿ ಮಾತನಾಡಿಸುವುದು ಹೆಂಗಸಿನ ಜೀವಕ್ಕೇ ಅಪಾಯ ತರಬಹುದು. ಆದ್ದರಿಂದ ಆಕೆಯನ್ನು ಪ್ರತ್ಯೇಕವಾಗಿ ಕೇಳುವುದು, ಆಕೆಯ ಸುರಕ್ಷತೆಯನ್ನು ಮೊದಲು ನೋಡುವುದು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯನ್ನು ತಿಳಿಸುವುದು ತರಬೇತಿಯ ಅನಿವಾರ್ಯ ಅಂಗಗಳು.

1984ರ ಕುಟುಂಬ ನ್ಯಾಯಾಲಯ ಕಾಯ್ದೆ ನ್ಯಾಯಾಲಯಗಳಲ್ಲಿ ಆಪ್ತಸಮಾಲೋಚಕರಿಗೆ ಸ್ಥಾನ ಕಲ್ಪಿಸಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಹುದ್ದೆಯಿದೆ. ಆದರೆ ಸಂಸಾರ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ನೆರವು ಸಿಗಬೇಕಾದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲೂ ತರಬೇತಾದವರು ಇರಬೇಕು. ಜಿಲ್ಲೆಯ ವಿಶ್ವವಿದ್ಯಾಲಯವೂ ಧಾರವಾಡದ ಸಂಸ್ಥೆಯೂ ಕೈಜೋಡಿಸಿ, ಇಲ್ಲಿನ ಆಡುಮಾತು ಮತ್ತು ಬಂಧುತ್ವವನ್ನು ಬಲ್ಲ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿಯೇ ಈ ವಿದ್ಯೆಯನ್ನು ಕಲಿಸಲು ಮುಂದಾಗಬೇಕು. ಅಲ್ಲಿಯವರೆಗೆ ಮನೆಯ ನೋವನ್ನು ಒಬ್ಬರೇ ಹೊತ್ತುಕೊಂಡು ಕೊರಗುವವರು, ಕನ್ನಡದಲ್ಲಿಯೂ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಬಹುದು.