ನೀರಿನಿಂದ ಬೆಳಕು, ಬೆಳಕಿನೊಡನೆ ನೀರು

ಗೂಡಲೂರಿನಿಂದ ಕುಮಳಿ ಘಟ್ಟವನ್ನೇರುವವರಿಗೆ ಲೋಯರ್ ಕ್ಯಾಂಪಿನ ಬಳಿ ಬೆಟ್ಟದ ಮೈಮೇಲೆ ಇಳಿದು ಬಂದ ದೊಡ್ಡ ಕೊಳವೆಗಳು ಕಾಣಸಿಗುತ್ತವೆ. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು ಅವುಗಳಲ್ಲಿ ಧುಮುಕಿ, ಯಂತ್ರಚಕ್ರಗಳನ್ನು ತಿರುಗಿಸಿ, ಬಳಿಕ ನಮ್ಮ ಕಂಬಂ ಕಣಿವೆಯ ಗದ್ದೆಗಳಿಗೆ ಹರಿಯುತ್ತದೆ. ನೀರು ಬಿದ್ದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಇಲ್ಲಿಯ ಮಕ್ಕಳಿಗೆ ಹೇಳಿಕೊಡಬೇಕಾದುದಿಲ್ಲ. ಆದರೆ ವಿದ್ಯುತ್ತಿನ ಜೊತೆಗೆ ನೀರೂ ಹುಟ್ಟುವ ಸಾಧನವೊಂದುಂಟು, ಅದೇ ಇಂಧನಕೋಶ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆಯುವ ನಮ್ಮ ಮಕ್ಕಳು ಇದನ್ನು ಮನೆಮಾತಿನಲ್ಲಿಯೂ ಅರಿಯಲೆಂದು ಈ ನಾಲ್ಕು ಮಾತು.

ನೀರಿನಲ್ಲಿ ವಿದ್ಯುತ್ತನ್ನು ಹರಿಸಿದರೆ ಅದು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ಅವೆರಡನ್ನು ಮರಳಿ ಕೂಡಿಸಿ ವಿದ್ಯುತ್ತನ್ನು ಪಡೆಯಬಹುದೆಂದು 1839ರಲ್ಲಿ ಪ್ರಯೋಗದಿಂದ ತೋರಿಸಿದವರು ವೇಲ್ಸಿನ ವಿಲಿಯಂ ಗ್ರೋವ್. ವೃತ್ತಿಯಿಂದ ಅವರು ವಕೀಲರು. ಕೋಶದ ಒಂದು ಬದಿಗೆ ಜಲಜನಕ, ಇನ್ನೊಂದು ಬದಿಗೆ ಗಾಳಿ. ನಡುವೆ ಒಂದು ತೆಳುಪೊರೆ. ಪ್ಲಾಟಿನಂ ಲೇಪದ ನೆರವಿನಿಂದ ಜಲಜನಕವು ಪ್ರೋಟಾನು, ಎಲೆಕ್ಟ್ರಾನುಗಳಾಗಿ ಬೇರ್ಪಡುತ್ತದೆ. ಪ್ರೋಟಾನುಗಳು ಪೊರೆಯನ್ನು ದಾಟುತ್ತವೆ. ದಾಟಲಾರದ ಎಲೆಕ್ಟ್ರಾನುಗಳು ತಂತಿಯ ದಾರಿ ಹಿಡಿಯುತ್ತವೆ. ತಂತಿಯ ಆ ಹರಿವೇ ವಿದ್ಯುತ್ತು. ಆಚೆ ಬದಿಯಲ್ಲಿ ಎಲ್ಲವೂ ಆಮ್ಲಜನಕದೊಡನೆ ಸೇರಿ ನೀರಾಗುತ್ತವೆ. ಹೊಗೆಯಿಲ್ಲ, ಸದ್ದಿಲ್ಲ. ಒಂದು ಕೋಶದಿಂದ ಒಂದು ವೋಲ್ಟಿಗೂ ಕಡಿಮೆ ದೊರೆಯುವುದರಿಂದ ಅನೇಕವನ್ನು ಅಡುಕಾಗಿ ಜೋಡಿಸುತ್ತಾರೆ.

1959ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 5 ಕಿಲೋವಾಟ್ ಶಕ್ತಿಯ ಕೋಶವನ್ನು ನಡೆಯಿಸಿ ತೋರಿಸಿದರು. 1965ರಲ್ಲಿ ಜೆಮಿನಿ-5 ನೌಕೆಯೊಡನೆ ಇಂಧನಕೋಶವು ಬಾಹ್ಯಾಕಾಶವನ್ನು ಸೇರಿತು. ಚಂದ್ರನೆಡೆಗೆ ಹೋದ ಅಪೋಲೋ ಯಾತ್ರಿಕರು ಇಂಥ ಕೋಶದಲ್ಲಿ ಹುಟ್ಟಿದ ನೀರನ್ನೇ ಕುಡಿದರು. ನಮ್ಮ ದೇಶವೂ ಹಿಂದುಳಿಯಲಿಲ್ಲ. ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರದ ಇಂಧನಕೋಶವು 2024ರ ಜನವರಿ 1ರಂದು ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಮೇಲೇರಿ, ಬಾಹ್ಯಾಕಾಶದಲ್ಲಿ 180 ವಾಟ್ ವಿದ್ಯುತ್ತನ್ನು ಕೊಟ್ಟಿತು. ಅದೇ ವರ್ಷದ ಫೆಬ್ರವರಿ 28ರಂದು ತೂತ್ತುಕುಡಿಯಲ್ಲಿ ನಡೆದ ಸಮಾರಂಭದಲ್ಲಿ, ಕೊಚ್ಚಿಯ ಹಡಗುಕಟ್ಟೆಯಲ್ಲಿ ನಿರ್ಮಾಣವಾದ ಜಲಜನಕದ ದೋಣಿಗೆ ಚಾಲನೆ ದೊರೆಯಿತು.

ಹಾಗಾದರೆ ಇನ್ನು ಚಿಂತೆಯಿಲ್ಲವೆಂದು ಹಿಗ್ಗಬಹುದೆ? ಇಲ್ಲಿಯೇ ನಾವು ಎಚ್ಚರದಿಂದಿರಬೇಕು. ಜಲಜನಕದ ಗಣಿ ನಮಗೆ ಸುಲಭವಾಗಿ ದೊರೆಯುವಂಥದಲ್ಲ. ಅದನ್ನು ಬೇರೊಂದರಿಂದ ಬಿಡಿಸಿ ತೆಗೆಯಬೇಕು. ಇಂದು ಜಗತ್ತಿನ ಜಲಜನಕದ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದ ಬರುತ್ತದೆ. ಆಗ ಹೊಗೆಯು ಕೋಶದಲ್ಲಿಲ್ಲದಿದ್ದರೂ ಕಾರ್ಖಾನೆಯಲ್ಲಿ ಹುಟ್ಟಿಯೇ ಇರುತ್ತದೆ. ನೀರನ್ನು ವಿದ್ಯುತ್ತಿನಿಂದ ಒಡೆದು, ಮತ್ತೆ ವಿದ್ಯುತ್ತು ಮಾಡಿದರೆ ಹಾಕಿದ್ದರಲ್ಲಿ ಮೂರನೆಯ ಒಂದು ಪಾಲು ಮಾತ್ರ ಮರಳುವುದು ಸಾಮಾನ್ಯ. ಆದುದರಿಂದ ಇಂಧನಕೋಶವು ಶಕ್ತಿಯ ಬಾವಿಯಲ್ಲ, ಶಕ್ತಿಯನ್ನು ತುಂಬಿಡುವ ಕಣಜದಿಂದ ಅಳೆದು ಕೊಡುವ ಸೇರು.

ಕಣಜಕ್ಕೆ ಬೆಲೆಯಿರುವುದು ಸುಗ್ಗಿ ಹೆಚ್ಚಾದಾಗ. ತಮಿಳುನಾಡಿಗೆ ಗಾಳಿ ನುಗ್ಗುವ ಬೆಟ್ಟದ ದಾರಿಗಳಲ್ಲಿ ನಮ್ಮ ಕಂಬಂ ಕಣಿವೆಯೂ ಒಂದು. ನೈಋತ್ಯ ಮಳೆಗಾಲದ ತಿಂಗಳುಗಳಲ್ಲಿ ಗಾಳಿಯಂತ್ರಗಳ ವಿದ್ಯುತ್ತು ಕೆಲವೊಮ್ಮೆ ಬೇಡಿಕೆಯನ್ನು ಮೀರಿ, ಯಂತ್ರಗಳನ್ನು ನಿಲ್ಲಿಸಬೇಕಾಗುತ್ತದೆ. ಹಾಗೆ ವ್ಯರ್ಥವಾಗುವ ಗಾಳಿಯಿಂದ ಜಲಜನಕವನ್ನು ಬಿಡಿಸಿಟ್ಟರೆ, ಮೂರರಲ್ಲೊಂದು ಪಾಲೂ ಲಾಭವೇ.

ಈ ವಿದ್ಯೆಗೆ ಬೇಕಾದ ರಸಾಯನವನ್ನು ಕಲಿಯಲು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾಲಯವು 1953ರಿಂದ ನಡೆಯುತ್ತಿದೆ. ಘಟ್ಟದ ಕೊಳವೆಗಳನ್ನು ದಿನವೂ ನೋಡುತ್ತ ಬೆಳೆದ ಗೂಡಲೂರಿನ ಕನ್ನಡದ ಮಗುವೊಂದು ಅಲ್ಲಿಗೆ ಹೋಗಿ ಕಲಿತು ಬರಲೆಂದು ನಾವು ಹಾರೈಸುತ್ತೇವೆ.